ಚೌಕದ ಒಳಗೆ

“ಈ ಗುರುಪಾದನ್ನ ಚೌಕದಿಂದ ಹೊರಗ ಹಾಕು. ಒಳಗ ನಾ ಒಬ್ಬಾಂವ ಸಾಕು,” ಎಂದ ಮ್ಯಾನೇಜರ್ ಹೆರಕಲ್, ಹಾಳೆಯ ಮೇಲೆ ಎಳೆದಿದ್ದ ಚೌಕಕ್ಕೆ ಬೆರಳಿಟ್ಟು.

ಮೆಣಸಿನಕಾಯಿ ಗೋದಾಮಿಗೆ ಕಂಪ್ಯೂಟರ್ ಬರುವುದಿತ್ತು. ಬಂದ ಮೇಲೆ ಹೆರಕಲ್, ಗುರುಪಾದ ಇಬ್ಬರಲ್ಲಿ ಒಬ್ಬರಿಗಷ್ಟೇ ಕೆಲಸ ಎಂದು ಸಾಹುಕಾರರು ಹೇಳಿಬಿಟ್ಟಿದ್ದರು. ಯಾರ ಕೆಲಸ ಏನೆಂದು ಕೇಳಿ ನಕ್ಷೆ ಬರೆಯಲು ಬಂದ ಹುಡುಗಿ ಇನ್ನೂ ಕಲಿಯುವವಳು.

“ಸರ್, ಚೌಕ ಅಂದ್ರ...”

“ನನಗ ಕಲಸಬ್ಯಾಡ, ಬರಿ!”

ಅವಳು ಚೌಕದ ಹೊರಗೊಂದು ಕಡ್ಡಿಗೊಂಬೆ ಬರೆದು ‘ಗುರುಪಾದ’ ಎಂದಳು. ಚೀಲ ಮೂಸಿಯೇ ಒಳಗಿನ ತೇವ ಹೇಳುತ್ತಿದ್ದ ಗುರುಪಾದ ಹಾಳೆಯತ್ತ ಬಗ್ಗಿ ನೋಡಿದ.

“ಹದಿನೆಂಟು ವರ್ಷ ದುಡದೇನಿ. ಬೀದಿಗೆ ನಿಲ್ಲಿಸಿದೆಲ್ಲ ಯವ್ವಾ?”

“ಬಾಯಿ ಮುಚ್ಚಲೇ! ಬರಕೋ ಹುಡುಗಿ. ದಾಸ್ತಾನು ನೋಡಾಂವ ನಾ, ಆರ್ಡರ್ ಬರಿಯಾಂವ ನಾ, ಲಾರಿ ಹಂಚಾಂವ ನಾ. ಎಲ್ಲಾ ಒಳಗ ಹಾಕು.”

ಅವಳು ಎಲ್ಲವನ್ನೂ ಒಳಗೆ ಹಾಕಿ ಹಾಳೆಯನ್ನು ಸಾಹುಕಾರರ ಮುಂದಿಟ್ಟಳು.

“ಈ ಚೌಕ ಏನು ಯವ್ವಾ?”

“ಅದ ಕಂಪ್ಯೂಟರ್ ರೀ. ಒಳಗ ಹಾಕಿದ ಕೆಲಸೆಲ್ಲಾ ಇನ್ನ ಅದ ಮಾಡ್ತೈತಿ. ಅದರ ಜೋಡಿ ದುಡಿಯೋ ಮನಷ್ಯಾರನ್ನ ಹೊರಗ ಬರೀತೀವ್ರಿ.”

ಹೆರಕಲ್ ಹಾಳೆಗೆ ಕೈಚಾಚುವಷ್ಟರಲ್ಲಿ ಸಾಹುಕಾರರು ಅದನ್ನು ಮಡಚಿ ಕಿಸೆಗೆ ಇಳಿಸಿದ್ದರು.