ಉಳಿದರ್ಧ ಗಡ್ಡ

ಅಣ್ಣನ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬರುವಷ್ಟರಲ್ಲಿ ಕ್ಷೌರಿಕ ತಮ್ಮನ ಕೈ ಮತ್ತೆ ನಡುಗತೊಡಗಿತು. ನೊರೆಯ ಮೇಲೆ ಕತ್ತಿ ತಡೆದು ನಿಂತಿತು. ಗಿರಾಕಿಗಳೆಲ್ಲ ಹೆದರಿ ದೂರವಾದ ಆ ಕುರ್ಚಿಯಲ್ಲಿ ಅಣ್ಣನೊಬ್ಬ ಕಣ್ಣು ಮುಚ್ಚಿ, ಕೊರಳೊಡ್ಡಿ, ನಿಶ್ಚಿಂತೆಯಿಂದ ಒರಗಿದ್ದ.

ಒಂದು ಗುಟುಕು ಹಾಕಿದರೆ ಕೈ ಹಿಡಿತಕ್ಕೆ ಬರುತ್ತದೆಂದು ತಮ್ಮನಿಗೆ ಗೊತ್ತು. ಕನ್ನಡಿಯ ಹಿಂದಿನ ಬಾಟಲಿಗೆ ಕೈ ಚಾಚಿದವನು ಆ ಕೊರಳನ್ನು ನೋಡಿ ಹಿಂದೆಗೆದ. ಕತ್ತಿ ಮಡಚಿಟ್ಟ.

"ಆಗಲ್ಲ ಅಣ್ಣ. ಕುಡಿತ ಬಿಡಿಸೋ ಕೇಂದ್ರ ಅಂತಿದ್ಯಲ್ಲ, ಎಲ್ಲಾದ್ರೂ ದೂರದಲ್ಲಿ ಹುಡುಕೋಣ್ವಾ?"

"ಬೀದಿ ಕೊನೇಲೇ ಇದೆಯಲ್ಲೋ."

"ಅಲ್ಲಿರೋರಿಗೆ ಕಟಿಂಗ್ ಮಾಡೋಕೆ ನಾನೇ ಹೋಗ್ತಿದ್ದೆ. ಈಗ ನಾನೇ ಹೋಗಿ ಸೇರೋದು ಅಂದ್ರೆ... ಬೀದಿಯವರೆಲ್ಲ ನೋಡ್ತಾರೆ."

ಅಣ್ಣ ಎದ್ದು ಕನ್ನಡಿ ನೋಡಿಕೊಂಡ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ನೊರೆ. ಒರೆಸಲು ತಮ್ಮ ಟವೆಲ್ ತಂದರೆ ಅದನ್ನು ಪಕ್ಕಕ್ಕೆ ಸರಿಸಿದ.

"ಇರಲಿ ಬಿಡು. ಉಳಿದರ್ಧ ನೀನು ಹುಷಾರಾಗಿ ಬಂದ್ಮೇಲೆ ಮಾಡುವೆಯಂತೆ. ನಡಿ."

ಕೊರಳಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಅಣ್ಣ ಹಾಡುಹಗಲೇ ಬೀದಿಗಿಳಿದು, ತಮ್ಮನ ಹೆಗಲ ಮೇಲೆ ಕೈ ಹಾಕಿ ನಡೆದ. ಬೇಕರಿಯವನು ಬ್ರೆಡ್ ಕೊಯ್ಯುವುದನ್ನು ಬಿಟ್ಟು ಕಣ್ಣರಳಿಸಿದ. ಬಸ್ಸಿಗೆ ಕಾದಿದ್ದವರು ಅಣ್ಣನ ಅವತಾರ ಕಂಡು ಬಿದ್ದುಬಿದ್ದು ನಕ್ಕರು. ಕೇಂದ್ರದ ಗೇಟು ದಾಟುವವರೆಗೂ ತಮ್ಮನ ಕಡೆಗೆ ಒಬ್ಬರೂ ನೋಡಲಿಲ್ಲ.