ಚಂದ್ರಲೋಕದ ಲೈನ್‌ಮನ್

ಚಂದ್ರನ ಮೇಲೆ ಹದಿನಾಲ್ಕು ವರ್ಷ ಅಮೆರಿಕನ್ ಫುಟ್‌ಬಾಲ್ ಆಡಿದ ಲೈನ್‌ಮನ್ ನಾನು. ಚೆಂಡು ಮುಟ್ಟುವುದು ನನ್ನ ಕೆಲಸವಲ್ಲ. ನಮ್ಮ ಚೆಂಡೆಸೆಯುವವನ ಹತ್ತಿರ ಎದುರಾಳಿ ಸುಳಿಯದಂತೆ ಅಡ್ಡ ನಿಲ್ಲುವುದು. ಒಮ್ಮೆ ನಾನು ತಳ್ಳಿದವನು ನೆಲಕ್ಕೆ ಇಳಿಯುವಷ್ಟರಲ್ಲಿ ಪಂದ್ಯ ಮುಗಿದು, ನಾವೆಲ್ಲ ಊಟಕ್ಕೆ ಕೂತಿದ್ದೆವು.

ಆದರೆ ಚಂದ್ರನ ಮೇಲಿನ ನಮ್ಮ ಓಣಿಯ ಗೌರವ್ವಜ್ಜಿಗೆ ಲೈನ್‌ಮನ್ ಎಂದರೆ ಕರೆಂಟ್ ರಿಪೇರಿಯವನು. ಮೊನ್ನೆ ಬೆಳಿಗ್ಗೆ ಬಂದು ಬಾಗಿಲು ಬಡಿದಳು.

"ಕರೆಂಟ್ ಹೋಗೇತಿ ತಮ್ಮಾ. ನಾ ಹಾಲಿಗಂತ ಹೊರಗ ಬಂದಿದ್ದೆ, ಕರೆಂಟಿನ ಬಾಗಿಲಾ ತಗೀವಲ್ದು. ಒಳಗ ಮೊಮ್ಮಗಳು ಬಾಣಂತಿ, ಕೂಸು. ಗಾಳಿ ಮಷಿನ್ ನಿಂತೈತಿ."

ಆ ಮುಚ್ಚಿದ ಮನೆಯೊಳಗೆ ಉಸಿರಾಡಲು ಒಂದು ತಾಸಿನ ಗಾಳಿ ಉಳಿದಿತ್ತು. "ನನಗೆ ಬರುವುದಿಲ್ಲ" ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಆಡಿದವನಲ್ಲ. ಹೊರಟೆ.

ನೀರಿನ ಟ್ಯಾಂಕರ್ ಗುದ್ದಿ ಅಜ್ಜಿಯ ಮನೆ ಮುಂದಿನ ಕರೆಂಟ್ ಕಂಬ ವಾಲಿತ್ತು, ತುದಿಯಲ್ಲಿ ತಂತಿಯ ಕೊಂಡಿ ಬಿಟ್ಟಿತ್ತು.

"ಹತ್ತು ಮತ್ತ," ಎಂದಳು ಅಜ್ಜಿ.

ಹತ್ತುವ ಬದಲು ಬಗ್ಗಿ ಭುಜ ಕೊಟ್ಟೆ. ಕಂಬ ನೆಟ್ಟಗಾಯಿತು, ಕೊಂಡಿ ಕೂಡಿತು, ಒಳಗೆ ಗಾಳಿ ಮಷಿನ್ ಗುಂಯ್ ಎಂದಿತು. ಬಿಟ್ಟರೆ ಮತ್ತೆ ವಾಲುತ್ತಿತ್ತು, ಹಾಗಾಗಿ ಹಿಡಿದೇ ನಿಂತೆ. ನಾನು ಕಾಲೂರಿದ ರಭಸಕ್ಕೆ ಚಂದ್ರನೇ ಎರಡು ಗೇಣು ಪಕ್ಕಕ್ಕೆ ಸರಿದಿರಬೇಕು. ನಾನು ಮಾತ್ರ ಅಲುಗಲಿಲ್ಲ.

ಮೂರು ತಾಸಾದ ಮೇಲೆ ವಿದ್ಯುತ್ ಕಚೇರಿಯವನು ಏಣಿ ಹೊತ್ತು ಬಂದ. "ನೀವು ಯಾವ ಸೆಕ್ಷನ್‌ನವರ್ರೀ ಅಣ್ಣಾರ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದಳು: "ಹೊಸಬ ಅದಾನ. ಇನ್ನೂ ಕಂಬ ಹತ್ತಾಕ ಬರೂದಿಲ್ಲ ಪಾಪ, ಬೈಬ್ಯಾಡ."