ಮಾವಶಿಯನ್ನು ಕರೆಯಲು ಬಂದ ದಿನ

ನನ್ನ ಬಾಣಂತಿ ಮೊಮ್ಮಗಳು, ಮೂತ್ರ ಸೋರದಿರಲೆಂದು ಫಿಜಿಯೋಥೆರಪಿಸ್ಟ್ ಕಲಿಸಿದ ಪೆಲ್ವಿಕ್ ಫ್ಲೋರ್ ಎಕ್ಸರ್‌ಸೈಜ್ ಮಾಡುವ ರೂಮಿನಿಂದ ಅಜವಾನದ, ಅಂದರೆ ಓಮಿನಕಾಳಿನ, ಹೊಗೆ ಬಂತೆಂದರೆ, ನಾನು ನೇಸರಗಿಯ ಅಜ್ಜಿಮನೆಯ ಆ ಮಧ್ಯಾಹ್ನಕ್ಕೆ ಹೋಗಿಬಿಡುತ್ತೇನೆ.

ಅವ್ವನ ತಂಗಿ, ನನ್ನ ಮಾವಶಿ, ಮೂರು ತಿಂಗಳ ಬಾಣಂತಿ. ಹೊರಸಿನ ಮೇಲೆ ಮಲಗಿದ್ದಳು, ಕೆಳಗೆ ಅಜವಾನ ಉದುರಿಸಿದ ಕೆಂಡದ ಬುಟ್ಟಿ. ಅವಳನ್ನು ಕರೆದೊಯ್ಯಲು ರಾಮದುರ್ಗದಿಂದ ಅವಳ ಅತ್ತೆ ಬಂದಿದ್ದರು. ಅತ್ತೆಯ ಮನೆಯಲ್ಲಿ ಸೊಸೆ ದಿನಾ ಹೊಳೆಯಿಂದ ಹತ್ತು ಕೊಡ ನೀರು ಹೊರಬೇಕಿತ್ತು.

"ಅಮಾಸಿ ಮುಗೀಲಿ ಬೀಗರ, ದಿನಾ ಛಲೋ ಇಲ್ಲರಿ," ಎಂದಳು ನನ್ನ ಅಜ್ಜಿ, ಆಯಿ.

ಸುಳ್ಳು ಹೇಳುವುದು ಸಿನ್, ಪಾಪ, ಎಂದು ಕಾನ್ವೆಂಟಿನಲ್ಲಿ ಕಲಿತಿದ್ದ ಒಂಬತ್ತು ವರ್ಷದ ನಾನು ಸುಮ್ಮನಿರಲಿಲ್ಲ. "ಸುಳ್ಳ್ಯಾಕ ಹೇಳ್ತಿ ಆಯಿ? ಮಾವಶಿ ಸೀನಿದ್ರ ಸೀರಿ ತೊಯ್ತೈತಿ, ಅದಕ್ಕ ನೀ ಕಳಸವಲ್ಲಿ."

ಮಾವಶಿ ಗೋಡೆಯ ಕಡೆ ಹೊರಳಿದಳು. ಆಯಿ ನನ್ನ ತೊಡೆ ಚಿವುಟಿ, "ಇಕಿನ್ನ ಸಾಲಿಗೆ ಹಾಕಿದ್ದ ತಪ್ಪಾತು," ಎಂದಳು.

ಅತ್ತೆ ಎದ್ದು ಹೊರಸಿನ ಹತ್ತಿರ ಬಂದರು. ಸೊಸೆಯ ಪಾದ ಮುಟ್ಟಿ ಸಣ್ಣ ದನಿಯಲ್ಲಿ ಅಂದರು: "ಪೂರಾ ಆರಾಮ ಆಗೂತನಾ ಇಲ್ಲೇ ಇರವಾ. ನಾನೂ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಸೀಟ ತೊಯ್ಸತೇನಿ ಅಂತ ಇವತ್ತಿಗೂ ಬಸ್ಸಿನ್ಯಾಗ ನಿಂತ ಬರತೇನಿ."

ಸಂಜೆ ಅವರೊಬ್ಬರೇ ಹೊರಟರು. ಆಯಿ ಮೆತ್ತಗಿನ ಹಳೆಯ ಧೋತರವೊಂದನ್ನು ನಾಲ್ಕು ಮಡಿಕೆ ಮಾಡಿ ಅವರ ಚೀಲದೊಳಗಿಟ್ಟಳು.